ಭಾವನವರ ಎದುರಿಗೆ ನಿಂತದ್ದು

ಸಿಂಚನಾ, ಭುವನ್, ನಿಮ್ಮಿಬ್ಬರಿಗೂ ಅಜ್ಜಿಯ ಆಶೀರ್ವಾದ.

ಹೋದ ವಾರ ನೀವು ಬಂದಿದ್ದಾಗ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕನ್ನು ಕೆಳಗಿಳಿಸಿದಿರಿ. ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆಯ ವಾಸನೆ ಬಂತು. ಅದರ ಹಿಂದೆಯೇ ಯಂತ್ರಕ್ಕೆ ಹಾಕುವ ಎಣ್ಣೆಯ ವಾಸನೆ. ಆ ಎರಡೂ ಸೇರಿದರೆ ನನಗೆ ಒಬ್ಬರೇ ನೆನಪಾಗುವುದು. ಭುವನ್ ಒಳಗಿದ್ದ, ನೆಲ ಸಮವಾಗಿದೆಯೇ ಎಂದು ನೋಡುವ ರಸಮಟ್ಟವನ್ನು ತೆಗೆದು ಅಂಗೈ ಮೇಲಿಟ್ಟುಕೊಂಡು, "ಅಜ್ಜಿ, ಇದ್ರೊಳಗಿನ ಗುಳ್ಳೆ ಒಂದ್ಕಡೆ ನಿಲ್ಲೋದೇ ಇಲ್ವಲ್ಲ" ಎಂದು ನಗುತ್ತಿದ್ದ. ಸಿಂಚನ ನಗಲಿಲ್ಲ. "ಮಿಲಿಟರಿ ತಾತ ಹೋದಾಗ ಅಮ್ಮ ಯಾಕೆ ಅಳಲೇ ಇಲ್ಲ ಅಜ್ಜಿ?" ಎಂದು ಕೇಳಿದಳು.

ಒಲೆ ಮೇಲೆ ಹಾಲಿಟ್ಟಿದ್ದೀನಿ ಎಂದು ಹೇಳಿ ನಾನು ಎದ್ದುಹೋದೆ. ಒಲೆ ಮೇಲೆ ಏನೂ ಇರಲಿಲ್ಲ.

ನನಗೆ ಮಾತು ಬರುವುದಿಲ್ಲ, ಅದು ನಿಮಗೆ ಗೊತ್ತು. ನಾಲ್ಕು ಜನ ಕೂತಿದ್ದರೆ ನಾನು ನೀರು ಕೊಡುವ ನೆಪದಲ್ಲಿ ಒಳಗೆ ಸೇರಿಕೊಳ್ಳುವವಳು. ಆದರೆ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಸಿಂಚನ ಕೇಳಿದ್ದಕ್ಕೆ ಉತ್ತರವನ್ನು ಬರೆದೇ ಹೇಳುತ್ತೇನೆ. ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ನೀವು ಮಿಲಿಟರಿ ತಾತ ಎನ್ನುತ್ತಿದ್ದವರು ನಿಮ್ಮ ತಾತನ ಅಣ್ಣ. ನನಗೆ ಭಾವ. ನಾನು ಮದುವೆಯಾಗಿ ವಿದ್ಯಾರಣ್ಯಪುರಂನ ಈ ಮನೆಗೆ ಬರುವ ಹೊತ್ತಿಗೆ ಅವರು ಸೈನ್ಯದಿಂದ ಬಂದು, ನಾಲೆಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದರು. ಹೆಂಡತಿ ಮೊದಲ ಬಾಣಂತನದಲ್ಲೇ ತೀರಿಕೊಂಡಿದ್ದರಂತೆ, ಮಗುವೂ ಉಳಿಯಲಿಲ್ಲವಂತೆ. ಮತ್ತೆ ಮದುವೆಯ ಮಾತೆತ್ತಲು ಯಾರಿಗೂ ಧೈರ್ಯವಿರಲಿಲ್ಲ. ಎತ್ತರದ ಆಳು. ಬೆಳಿಗ್ಗೆ ಎದ್ದು ತಾವೇ ಹಾಸಿಗೆ ಮಡಿಸಿಡುತ್ತಿದ್ದರು, ಅದರ ನಾಲ್ಕು ಮೂಲೆಯೂ ಕತ್ತರಿಸಿಟ್ಟ ಹಾಗೆ ಇರುತ್ತಿತ್ತು. ತಟ್ಟೆ ತಾವೇ ತೊಳೆಯುತ್ತಿದ್ದರು. ನಮ್ಮ ಅತ್ತೆಗೆ ಅದೊಂದು ಸಂಕಟ. "ಮನೇಲಿ ಸೊಸೆ ಇರುವಾಗ ನೀನ್ಯಾಕೋ ತಟ್ಟೆ ಮುಟ್ತೀಯ?" ಎಂದು ಗೊಣಗುತ್ತಿದ್ದರು.

ನಮ್ಮ ಕಾಲದಲ್ಲಿ, ನಮ್ಮ ಕಡೆ, ಗಂಡನ ಅಣ್ಣನ ಎದುರಿಗೆ ತಮ್ಮನ ಹೆಂಡತಿ ನಿಲ್ಲುತ್ತಿರಲಿಲ್ಲ. ಅವರು ಪಡಸಾಲೆಯಲ್ಲಿದ್ದರೆ ನಾವು ಅಡುಗೆಮನೆಯಲ್ಲಿ. ಏನಾದರೂ ಹೇಳಲೇಬೇಕಾದರೆ ಬಾಗಿಲ ಹಿಂದೆ ನಿಂತು, ಸೆರಗು ತಲೆಯ ಮೇಲೆಳೆದುಕೊಂಡು, ಯಾರಿಗೋ ಹೇಳುವಂತೆ ಹೇಳಬೇಕು. "ಊಟಕ್ಕೆ ಏಳಬೇಕಂತೆ" ಎನ್ನಬೇಕು. ಏಳಿ ಎನ್ನುವ ಹಾಗಿಲ್ಲ. ಅವರೂ ಅಷ್ಟೇ, ನಮ್ಮ ಹೆಸರು ಹಿಡಿದು ಕರೆಯುವುದಿಲ್ಲ. ಇದನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನೋಡಿ ಕಲಿತದ್ದು. ನಿಮಗೆ ನಗು ಬರಬಹುದು. ನಮಗೆ ಅದು ಮರ್ಯಾದೆಯಾಗಿತ್ತು.

ನಾನು ಬಾಗಿಲ ಹಿಂದಿನಿಂದ ಊಟಕ್ಕೆ ಕರೆದರೆ ಭಾವ ಏಳುತ್ತಿರಲಿಲ್ಲ. ಪೇಪರಿನಿಂದ ತಲೆಯನ್ನೂ ಎತ್ತುತ್ತಿರಲಿಲ್ಲ. ಅತ್ತೆ ಬಂದು ಎದುರಿಗೆ ನಿಂತು, "ಏಳೋ, ತಣ್ಣಗಾಗ್ತದೆ" ಎಂದರೆ ತಕ್ಷಣ ಎದ್ದುಬಿಡುತ್ತಿದ್ದರು. ನಾನು ಸೌಟಿನಿಂದ ಬಾಗಿಲ ಚೌಕಟ್ಟಿಗೆ ಬಡಿದರೂ ಏಳುತ್ತಿದ್ದರು. ಸೌಟಿಗಿರುವ ಬೆಲೆ ನನ್ನ ಮಾತಿಗಿಲ್ಲ ಎಂದು ಹೊಸದರಲ್ಲಿ ಅತ್ತಿದ್ದೇನೆ. ಓದಿದವರು, ಯುದ್ಧ ನೋಡಿದವರು, ಏಳನೇ ಕ್ಲಾಸಿನ ಹಳ್ಳಿ ಹುಡುಗಿಗೆ ಯಾಕೆ ಉತ್ತರ ಕೊಟ್ಟಾರು ಎಂದುಕೊಂಡೆ. ನಿಮ್ಮ ತಾತನಿಗೆ ಒಮ್ಮೆ ಹೇಳಿದೆ. "ಅಣ್ಣ ಹಂಗೇ ಕಣೆ, ತಲೆ ಕೆಡಿಸ್ಕೋಬೇಡ" ಎಂದರು. ಅಷ್ಟೇ... ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ನಿವೃತ್ತಿಯಾದ ಮೇಲೆ ಭಾವ ನಂಜನಗೂಡು ರಸ್ತೆಯ ಆಚೆಗೆ ಸ್ವಲ್ಪ ಹೊಲ ತೆಗೆದುಕೊಂಡರು. ಬಾಳೆ ಹಾಕಿದರು, ಸಾಲಿನ ನಡುವೆ ಹಸಿರು ಬದನೆ. ಭುವನ್ ಕೈಯಲ್ಲಿದ್ದ ಆ ರಸಮಟ್ಟವನ್ನು ಪಾತಿಯ ಬದುವಿನ ಮೇಲಿಟ್ಟು ಮಣ್ಣನ್ನು ಒಂದೊಂದು ಬೊಗಸೆಯಾಗಿ ತೆಗೆದು ಹಾಕಿ ಮಟ್ಟ ಮಾಡುತ್ತಿದ್ದರಂತೆ. ಪಕ್ಕದ ಹೊಲದವನು ನಮ್ಮ ಮನೆಗೆ ಬಂದಾಗಲೆಲ್ಲ ಅದೇ ತಮಾಷೆ. "ಅಲ್ಲಾ ಸಾಮಿ, ನೀರಿಗೇ ಇಳಿಜಾರು ಕಲಿಸ್ತಾರಲ್ಲ ನಿಮ್ಮಣ್ಣಾವ್ರು! ಇನ್ನು ಬದನೆಕಾಯಿಗೆ ಲೆಫ್ಟ್ ರೈಟ್ ಹೇಳ್ಕೊಡೋದೊಂದು ಬಾಕಿ" ಎಂದು ನಿಮ್ಮ ತಾತನಿಗೆ ಹೇಳಿ ನಗುತ್ತಿದ್ದ. ಭಾವನೂ ನಗುತ್ತಿದ್ದರು. ಗಂಡಸರ ದಪ್ಪ ಧ್ವನಿಗೆ ಅವರು ನಗುತ್ತಿದ್ದರು, ಉತ್ತರ ಕೊಡುತ್ತಿದ್ದರು. ಹಾಗಾಗಿಯೇ ನಮಗೆ ಯಾರಿಗೂ ಏನೂ ಹೊಳೆಯಲಿಲ್ಲ.

ಈಗ ನಿಮ್ಮ ಅಮ್ಮನ ವಿಷಯಕ್ಕೆ ಬರಬೇಕು. ಇಲ್ಲಿಯವರೆಗೆ ಬರೆದು ಎರಡು ದಿನ ಹಾಳೆಗಳನ್ನು ಮುಚ್ಚಿಟ್ಟಿದ್ದೆ.

ನಿಮ್ಮ ಅಮ್ಮ ದೊಡ್ಡಪ್ಪನ ಹಿಂದೆ ಹಿಂದೆಯೇ ಬೆಳೆದವಳು. ಅವರ ತೊಡೆಯ ಮೇಲೆ ಕೂತು ಲೆಕ್ಕ ಕಲಿತಳು. ಪಿಯುಸಿಯಲ್ಲಿ ಒಳ್ಳೆಯ ನಂಬರ್ ಬಂತು. ಸಿಇಟಿ ಬರೆದಿದ್ದಳು, ಮೈಸೂರಿನಲ್ಲೇ ಇಂಜಿನಿಯರಿಂಗ್ ಸೀಟು ಸಿಗುವ ಹಾಗಿತ್ತು. ಅದೇ ಸಮಯಕ್ಕೆ ಮಂಡಿ ಮೊಹಲ್ಲಾದ ನಿಮ್ಮ ಅಪ್ಪನ ಮನೆಯವರು ಕೇಳಿಕೊಂಡು ಬಂದರು. ಸಗಟು ವ್ಯಾಪಾರದವರು, ಮಠಕ್ಕೆ ನಡೆದುಕೊಳ್ಳುವ ಮನೆ, ಒಬ್ಬನೇ ಮಗ. ಅತ್ತೆ ಆಗಲೇ ಹಾಸಿಗೆ ಹಿಡಿದಿದ್ದರು, ಮೊಮ್ಮಗಳ ಧಾರೆ ನೋಡಿ ಕಣ್ಣು ಮುಚ್ಚುತ್ತೇನೆ ಎಂದು ಹಟ. ನಿಮ್ಮ ತಾತನಿಗೆ ತಾಯಿಯ ಮಾತು ಮೀರಲು ಆಗಲಿಲ್ಲ. ನಿಮ್ಮ ಅಪ್ಪನ ಬಗ್ಗೆ ನನಗೆ ಅಂದೂ ಇಂದೂ ಒಂದು ಮಾತಿಲ್ಲ, ಬಂಗಾರದಂಥವರು. ಆದರೆ ಅವಳು ಓದಬೇಕೆಂದಿದ್ದಳು. ಅಡುಗೆಮನೆಗೆ ಬಂದು ನನ್ನ ಕಾಲ ಹತ್ತಿರ ಕೂತು, "ದೊಡ್ಡಪ್ಪ ಒಂದು ಮಾತು ಬೇಡ ಅಂದ್ರೆ ಅಪ್ಪ ನಿಲ್ಲಿಸ್ತಾರೆ ಕಣಮ್ಮ, ನಾನೇ ಹೋಗಿ ಕೇಳ್ತೀನಿ" ಎಂದಳು.

"ಹೆಣ್ಣು ಹುಡುಗಿ ತನ್ನ ಮದುವೆ ಮಾತು ತಾನೇ ಆಡಬಾರದು. ನಾನು ಕೇಳ್ತೀನಿ, ನೀನು ಸುಮ್ನಿರು" ಎಂದೆ.

ಅಂದು ಮಧ್ಯಾಹ್ನ ಮನೆಯಲ್ಲಿ ನಮ್ಮ ಮೂವರನ್ನು ಬಿಟ್ಟರೆ ಬೇರೆ ಯಾರೂ ಎದ್ದಿರಲಿಲ್ಲ. ಭಾವ ಹಿತ್ತಲ ಕಡೆಯ ಜಗಲಿಯಲ್ಲಿ ನನ್ನ ಬಾಗಿಲಿಗೆ ಬೆನ್ನು ಮಾಡಿ ಕೂತು, ಔಷಧಿ ಹೊಡೆಯುವ ಪಂಪನ್ನು ಬಿಚ್ಚಿ ಒರೆಸುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತೆ. ಜೀವಮಾನದಲ್ಲಿ ನಾನು ಒಟ್ಟಿಗೆ ಅಷ್ಟು ಮಾತು ಆಡಿದ್ದು ಅದೇ ಮೊದಲು. ಮಗು ಓದಬೇಕಂತೆ, ಅವಳ ಅಜ್ಜಿಗೆ ಯಾರಾದರೂ ಹೇಳಬೇಕಂತೆ, ದೊಡ್ಡವರ ಒಂದು ಮಾತಿಗೆ ಮನೆಯಲ್ಲಿ ಬೆಲೆ ಇದೆಯಂತೆ... ಹೀಗೆಯೇ, ಯಾರೋ ಹೇಳಿಕಳಿಸಿದ ಹಾಗೆ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹೇಳಿದೆ. ಕೊನೆಗೆ ಅಳು ಬಂತು. ಅವರ ಕೈ ಪಂಪನ್ನು ಒರೆಸುತ್ತಲೇ ಇತ್ತು. ಎಲ್ಲ ಜೋಡಿಸಿ ಮುಗಿಸಿದ ಮೇಲೆ ಎದ್ದು, ಚಪ್ಪಲಿ ಮೆಟ್ಟಿ, ಹಿಂದಕ್ಕೂ ತಿರುಗಿ ನೋಡದೆ ಹೊಲಕ್ಕೆ ಹೊರಟುಹೋದರು.

ನಿಮ್ಮ ಅಮ್ಮ ಒಳಕೋಣೆಯಲ್ಲಿ ಕಾಯುತ್ತಿದ್ದಳು. "ಏನಂದ್ರು?" ಎಂದಳು. "ಏನೂ ಅನ್ನಲಿಲ್ಲ ಮಗು. ಎಲ್ಲಾ ಕೇಳಿಸ್ಕೊಂಡು ಎದ್ದುಹೋದ್ರು" ಎಂದೆ. ಅವಳು ಅಳಲಿಲ್ಲ. ಅಂದಿನಿಂದ ದೊಡ್ಡಪ್ಪನ ಹತ್ತಿರ ಕೂತು ಒಂದು ಮಾತೂ ಆಡಲಿಲ್ಲ. ಧಾರೆಯ ದಿನ ಅವರ ಕಾಲಿಗೆ ನಮಸ್ಕಾರ ಮಾಡಿದಳು, ಮುಖ ನೋಡಲಿಲ್ಲ. ಆಮೇಲೆ ಈ ಮನೆಗೆ ಬಂದಾಗಲೆಲ್ಲ ಅವರು ಹೊಲಕ್ಕೆ ಹೋಗಿರುವ ಹೊತ್ತು ನೋಡಿಯೇ ಬರುತ್ತಿದ್ದಳು. ನಿಮ್ಮನ್ನು ಹೊಲಕ್ಕೆ ಎತ್ತಿಕೊಂಡು ಹೋಗಿ ಅವರ ಕೈಗೆ ಕೊಡುತ್ತಿದ್ದದ್ದು ನಾನೂ ಅಲ್ಲ, ಅವಳೂ ಅಲ್ಲ, ನಿಮ್ಮ ತಾತ.

ನಿಮ್ಮ ತಾತ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ ಉಳಿದೆವು. ನಡುವೆ ಮಾತು ದಾಟಿಸಲು ಯಾರೂ ಇಲ್ಲ. ಒಂದು ಬೆಕ್ಕು ಸೇರಿಕೊಂಡಿತ್ತು, ಅದೇ ಆಧಾರವಾಯಿತು. "ಲೇ ಬೆಕ್ಕೇ, ಇವತ್ತು ಮೋಟ್ರು ರಿಪೇರಿ ಇದೆ, ತಡ ಆಗ್ತದೆ ಅಂತ ಹೇಳು" ಎಂದು ಹೋಗುತ್ತಿದ್ದರು. "ಬದನೆಕಾಯಿ ಇನ್ನೂ ಇದೆಯಾ ಕೇಳು" ಎನ್ನುತ್ತಿದ್ದರು. ನಾನು ಒಳಗಿನಿಂದ, "ಬೇಕಾದಷ್ಟಿದೆ, ತರಬೇಡವಂತೆ" ಎನ್ನುತ್ತಿದ್ದೆ. ಸಂಜೆ ಚೀಲದ ತುಂಬ ಬದನೆಕಾಯಿ ಬರುತ್ತಿತ್ತು. ಬೇಡ ಎಂದದ್ದಕ್ಕೇ ತರುತ್ತಾರೆ, ಇಷ್ಟು ವಯಸ್ಸಾದರೂ ಗತ್ತು ಹೋಗಲಿಲ್ಲ ಎಂದು ಬೈದುಕೊಂಡು ಬೀದಿಗೆಲ್ಲ ಹಂಚುತ್ತಿದ್ದೆ.

ಆಮೇಲೆ ಆ ಕಾಯಿಲೆಯ ಕಾಲ ಬಂತು, ಎಲ್ಲರೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡ ಕಾಲ. ಒಂದು ಬೆಳಿಗ್ಗೆ ಭಾವ ಹೊಲದ ಬದುವಿನಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕನ್ನಡಕವೂ ಒಡೆದುಹೋಯಿತು. ಪಕ್ಕದ ಹೊಲದವನೇ ಆಟೋದಲ್ಲಿ ಆಸ್ಪತ್ರೆಗೆ ತಂದ. ಜೊತೆಗೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ನಾನು ಹೋಗಬೇಕಾಯಿತು. ಅಲ್ಲೂ ನಾನು ಪರದೆಯ ಪಕ್ಕದಲ್ಲಿ, ಅವರಿಗೆ ಕಾಣದ ಹಾಗೆ ನಿಂತಿದ್ದೆ.

ಡಾಕ್ಟರಮ್ಮ ಬಂದರು, ಚಿಕ್ಕ ವಯಸ್ಸಿನವರು. ಆಪರೇಷನ್ ಮಾಡಿದರೆ ಈ ವಯಸ್ಸಿಗೆ ಜೀವಕ್ಕೆ ಭಯವಿದೆ, ಮಾಡದಿದ್ದರೆ ಇನ್ನು ಏಳುವುದಿಲ್ಲ, ನಿಮ್ಮ ಇಷ್ಟ ಏನು ತಾತ ಎಂದು ಕೇಳಿದರು. ಭಾವ "ಹ್ಞೂಂ" ಎಂದರು. ಆಪರೇಷನ್ ಬೇಕಾ? ಹ್ಞೂಂ. ಬೇಡವಾ? ಅದಕ್ಕೂ ಹ್ಞೂಂ. ಡಾಕ್ಟರಮ್ಮ ಒಂದು ಹಾಳೆಯಲ್ಲಿ ಬರೆದು ತೋರಿಸಿದರು. ಕನ್ನಡಕವಿಲ್ಲದೆ ಅವರಿಗೆ ಅಕ್ಷರ ಕಾಣಲಿಲ್ಲ. ಪಕ್ಕದಲ್ಲಿದ್ದ ನರ್ಸ್, "ತಾತನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಅನ್ಸುತ್ತೆ ಮೇಡಂ. ಬೇರೆ ಯಾರನ್ನಾದ್ರೂ ಕೇಳೋಣ" ಎಂದಳು.

ಅವಳು ಹಾಗೆಂದದ್ದು ಅವರಿಗೆ ಕೇಳಿಸಲಿಲ್ಲ. ಆದರೆ ಅವಳ ಕಣ್ಣು ನೋಡಿ ತಿಳಿಯಿತೇನೋ. ಸೇತುವೆ ಕಟ್ಟಿದ, ನಾಲೆಗೆ ನೀರು ಬಿಟ್ಟ ಮನುಷ್ಯ ಮಂಚದ ಮೇಲೆ ಮಲಗಿ ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿದ್ದರು. ಕೊನೆಗೆ ಪರದೆಯ ಕಡೆ ಕುತ್ತಿಗೆ ತಿರುಗಿಸಿದರು. ಬೆಕ್ಕಿಲ್ಲ, ತಮ್ಮನಿಲ್ಲ... ನೇರವಾಗಿ ನನಗೇ ಹೇಳಿದರು.

"ಬಾಯಿ ಕಾಣ್ತಿಲ್ಲ ಕಣಮ್ಮ. ಇವರು ಯಾರ ಬಾಯೂ ಕಾಣ್ತಿಲ್ಲ. ನೀನಾದ್ರೂ ಎದುರಿಗೆ ಬಾ ತಾಯಿ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪರದೆಯ ಪಕ್ಕದಿಂದ ಮುಂದೆ ಬಂದೆ. ಸೆರಗು ಹಿಂದಕ್ಕೆ ಸರಿಸಿದೆ, ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡೆ. ನರ್ಸ್, "ಅಮ್ಮ, ಮಾಸ್ಕ್!" ಎಂದು ಕೂಗಿದಳು. ಡಾಕ್ಟರಮ್ಮ ಅವಳ ಕೈ ಹಿಡಿದು ತಡೆದರು. ನಾನು ಭಾವನ ಎದುರಿಗೆ ನಿಂತು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ನಿಧಾನವಾಗಿ ಹೇಳಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ನಾಚಿಕೆಯನ್ನು ನಾನು ಹೇಗೆ ಬರೆಯಲಿ? ಮೈ ಮೇಲೆ ಬಟ್ಟೆ ಇಲ್ಲದವಳ ಹಾಗೆ ನಿಂತಿದ್ದೆ. ಹೇಳಿ ಮುಗಿಸಿದ ಮೇಲೆ ಅವರು ಸ್ಪಷ್ಟವಾಗಿ, "ಆಪರೇಷನ್ ಮಾಡ್ಲಿ. ಬಿದ್ಕೊಂಡಿರೋದು ನನ್ನ ಕೈಲಿ ಆಗಲ್ಲ. ಉಳಿದ್ರೆ ಹೊಲಕ್ಕೆ, ಹೋದ್ರೆ ಹೊಲಕ್ಕೇ" ಎಂದರು. ಡಾಕ್ಟರಮ್ಮ ನಕ್ಕರು. ನರ್ಸ್ ತಲೆ ತಗ್ಗಿಸಿದಳು.

ಕಿವಿ ಯಾವಾಗಿನಿಂದ ಹೀಗೆ ಎಂದು ಸಂಜೆ ನಾನೇ ಕೇಳಿದೆ, ಎದುರಿಗೆ ನಿಂತು. ಅವರು ಹೇಳಿದರು. ಯುದ್ಧ ನಿಂತ ಮೇಲೆ ಗಡಿಯ ಹೊಲಗಳಲ್ಲಿ ಹೂತಿದ್ದ ಸಿಡಿಮದ್ದನ್ನು ತೆಗೆಯುವ ಕೆಲಸ ಇವರ ತುಕಡಿಯದಂತೆ. ಒಬ್ಬ ರೈತ ಬಿತ್ತನೆ ಗೋಧಿಯ ಚೀಲ ಪಕ್ಕದಲ್ಲಿಟ್ಟುಕೊಂಡು ದೂರದಲ್ಲಿ ಕಾದು ಕೂತಿರುತ್ತಿದ್ದನಂತೆ, ಯಾವಾಗ ಉಳಲಿ ಎಂದು. ಒಂದು ದಿನ ಒಂದು ಸಿಡಿಯಿತು. ಜೊತೆಯವನು ಹೋದ. ಇವರಿಗೆ ಗಾಯವಾಗಲಿಲ್ಲ, ಆದರೆ ಅಂದಿನಿಂದ ಹಕ್ಕಿಯ ಕೂಗು ಕೇಳಿಸಲಿಲ್ಲ, ಹೆಂಗಸರ ಸಣ್ಣ ಧ್ವನಿ ಕೇಳಿಸಲಿಲ್ಲ. ಗುಡುಗು, ಮೋಟಾರು, ಗಂಡಸರ ಮಾತು ಅಷ್ಟಿಷ್ಟು. ಉಳಿದದ್ದೆಲ್ಲ ಬಾಯಿ ನೋಡಿ. ಕೆಲಸಕ್ಕೆ ತೊಂದರೆಯಾದೀತು ಎಂದು ನಿಮ್ಮ ತಾತನೊಬ್ಬನಿಗೇ ಹೇಳಿದ್ದರಂತೆ, ಯಾರಿಗೂ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡಿದ್ದರಂತೆ. ನಿಮ್ಮ ತಾತ ಅಣ್ಣನ ಮಾತನ್ನು ಸಾಯುವವರೆಗೆ ಉಳಿಸಿಕೊಂಡರು, ನನ್ನಿಂದ ಕೂಡ.

"ಹಾಗಾದ್ರೆ ನಾನು ಇಷ್ಟು ವರ್ಷ ಬಾಗಿಲ ಹಿಂದೆ ಆಡಿದ್ದು?" ಎಂದೆ.

"ನೀನು ಮಾತಾಡ್ತಿದ್ದೆಯಾ?" ಎಂದರು.

ಎದುರಿಗೆ ಬಾ ಎಂದು ತಮ್ಮನ ಹೆಂಡತಿಗೆ ಹೇಳುವುದು ಹೇಗೆ ಎಂದು ಅವರು ಸುಮ್ಮನಿದ್ದರು. ಎದುರಿಗೆ ಹೋಗುವುದು ಹೇಗೆ ಎಂದು ನಾನು ಸುಮ್ಮನಿದ್ದೆ. ಮಗಳ ಮದುವೆಗೆ ಮುಂಚೆ, ಆ ಮಧ್ಯಾಹ್ನ, ನೀವು ಪಂಪ್ ಒರೆಸುತ್ತಿದ್ದಾಗ ಎಂದು ಶುರು ಮಾಡಿ ಎಲ್ಲ ಹೇಳಿದೆ. ಅವರು ಕಣ್ಣು ಮಿಟುಕಿಸದೆ ನನ್ನ ಬಾಯಿ ನೋಡಿದರು.

"ಯಾವತ್ತು?" ಎಂದರು. ಮತ್ತೆ ಹೇಳಿದೆ.

"ಹೆತ್ತವರಿಬ್ಬರೂ ಒಪ್ಪಿದ್ದೀರಿ ಅಂದ್ಕೊಂಡೆ. ಮಗಳೂ ಬಂದು ಕೇಳಲಿಲ್ಲ. ಮಕ್ಕಳಿಲ್ಲದವನು ನಾನು ಅಡ್ಡ ಬಂದರೆ ಏನಂದಾರು ಅಂತ... ನಿನ್ನಿಂದ ಒಂದು ಮಾತು ಬಂದೀತಾ ಅಂತ ಕಾಯ್ತಿದ್ದೆ ಕಣಮ್ಮ" ಎಂದರು. ಹಾಗೆಂದು ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟರು.

ಅವರು ಮುಖ ತಿರುಗಿಸಿದರೆ ನನ್ನ ಮಾತು ಮುಗಿದ ಹಾಗೆ. ನಾನು ಮಂಚವನ್ನು ಬಳಸಿ, ಗೋಡೆಗೂ ಮಂಚಕ್ಕೂ ನಡುವಿನ ಇಕ್ಕಟ್ಟಿನಲ್ಲಿ ತೂರಿಕೊಂಡು ಮತ್ತೆ ಅವರ ಎದುರಿಗೆ ಹೋಗಿ ನಿಂತೆ. ಏನು ಹೇಳಬೇಕೋ ತಿಳಿಯಲಿಲ್ಲ. "ನಿಮಗೆ ಗತ್ತು ಅಂದ್ಕೊಂಡಿದ್ದೆ ಭಾವ" ಎಂದೆ. ಅವರನ್ನು ಹಾಗೆ ಕರೆದದ್ದು ಅದೇ ಮೊದಲು. ಅವರ ಕಣ್ಣಿನಿಂದ ನೀರು ಇಳಿದು ದಿಂಬಿಗೆ ಬಿತ್ತು. ಒರೆಸಲು ನನ್ನ ಕೈ ಮುಂದೆ ಹೋಗಲಿಲ್ಲ. ಅಷ್ಟು ಧೈರ್ಯ ನನಗೆ ಅಂದೂ ಬರಲಿಲ್ಲ.

ಆಪರೇಷನ್ ಆಗಿ ಅವರು ಎದ್ದರು. ಕೋಲೂರಿಕೊಂಡು ಹೊಲಕ್ಕೂ ಹೋದರು. ಸಂಜೆ ಜಗಲಿಯಲ್ಲಿ ಅವರಿಗೊಂದು ಕುರ್ಚಿ, ಎದುರಿಗೆ ನನಗೊಂದು. ಬೀದಿಯ ಹೆಂಗಸರು, ನಮ್ಮ ನೆಂಟರೂ ಕೂಡ, "ಭಾವನ ಮುಂದೆ ಕುರ್ಚಿ ಹಾಕ್ಕೊಂಡು ಕೂತ್ಕೋತಾಳಂತೆ. ಗಂಡ ಹೋದ್ಮೇಲೆ ನಾಚಿಕೆನೂ ಬುಟ್ಬುಟ್ಟವಳೆ" ಎಂದದ್ದು ನನ್ನ ಕಿವಿಗೆ ಬಿತ್ತು. ಮೈ ಕುಗ್ಗಿತು. ಆದರೂ ಕುರ್ಚಿ ತೆಗೆಯಲಿಲ್ಲ. ಅವರ ಬದುಕಿನ ಬಗ್ಗೆ ನಾನು ಇಲ್ಲಿ ಬರೆದ ಎಷ್ಟೋ ವಿಷಯ ಆ ಸಂಜೆಗಳಲ್ಲಿ ಕೇಳಿದ್ದು.

ಮಗಳಿಗೆ ಹೇಳಿಬಿಡಲಾ ಎಂದು ಒಮ್ಮೆ ಕೇಳಿದೆ. ಅವರು ಕೈ ಅಡ್ಡ ಮಾಡಿದರು. "ಬ್ಯಾಡ. ಈಗ ಗೊತ್ತಾದ್ರೆ ಸಿಟ್ಟನ್ನ ಯಾರ ಮೇಲೆ ಹಾಕ್ಬೇಕು ಅವಳು? ನಿನ್ನ ಮೇಲಾ? ನನ್ನ ಮೇಲೇ ಇರ್ಲಿ ಬುಡು. ನನಗೆ ಅಭ್ಯಾಸ ಆಗ್ಬುಟ್ಟಿದೆ. ನಾನಿರೋವರೆಗೂ ಹೇಳ್ಬೇಡ" ಎಂದರು. ನಾನು ಒಪ್ಪಿದೆ. ಒಪ್ಪಿದಾಗ ಎದೆ ಹಗುರಾಯಿತು. ಅದನ್ನು ನೆನೆದರೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಅವರು ಹೋದ ದಿನ ಹೊಲದ ಅಂಚಿನಲ್ಲಿ ಕ್ರಿಯಾಸಮಾಧಿ ಮಾಡಿದರಲ್ಲ, ನೀವೂ ಇದ್ದಿರಿ. ವಯಸ್ಸಾದ ಮಾಜಿ ಸೈನಿಕರು ನಾಲ್ಕಾರು ಜನ ಬಂದು ಸೆಲ್ಯೂಟ್ ಹೊಡೆದರು. ಪಕ್ಕದ ಹೊಲದವನು ಮಗುವಿನ ಹಾಗೆ ಅತ್ತ. ನಿಮ್ಮ ಅಮ್ಮ ಒಂದು ಹಿಡಿ ವಿಭೂತಿ ಹಾಕಿ ಹಿಂದಕ್ಕೆ ಸರಿದು ನಿಂತಳು. ಅವಳ ಮುಖ ಕಲ್ಲಾಗಿತ್ತು. ಆ ಕಲ್ಲು ನನ್ನಿಂದ ಆದದ್ದು ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರು ಮಣ್ಣಿನೊಳಗಿದ್ದರು.

ಸಿಂಚನಾ, ನೀನು ಕೇಳಿದ್ದಕ್ಕೆ ಇದು ಉತ್ತರ. ನಿನ್ನ ಅಮ್ಮ ಕಲ್ಲೆದೆಯವಳಲ್ಲ. ಅವಳನ್ನು ಅಷ್ಟು ಪ್ರೀತಿಸಿದವರು ಅವಳ ಕೈಬಿಟ್ಟರು ಎಂದು ನಂಬಿಕೊಂಡು ಬದುಕಿದವಳು. ಅವರು ಬಿಟ್ಟಿರಲಿಲ್ಲ.

ಇನ್ನು ಮನೆಯಲ್ಲಿ ನಾನೊಬ್ಬಳೇ. ಎದುರಿನ ಕುರ್ಚಿಯಲ್ಲಿ ಯಾರೂ ಇಲ್ಲದ್ದು ಸಂಜೆಯ ಹೊತ್ತು ಬಹಳ ಕಾಣುತ್ತದೆ. ಭಾವನಿಗೆ ಕೊಟ್ಟ ಮಾತು ಅವರಿರುವವರೆಗೆ ಮಾತ್ರ. ಭಾನುವಾರ ಒಬ್ಬಳೇ ಬಾ ಎಂದು ನಿಮ್ಮ ಅಮ್ಮನಿಗೆ ನಿನ್ನೆ ಫೋನ್ ಮಾಡಿದೆ. "ಯಾಕಮ್ಮ, ಮೈ ಹುಷಾರಿಲ್ವಾ?" ಎಂದಳು. ಚೆನ್ನಾಗಿದ್ದೀನಿ, ಒಂದು ವಿಷಯ ಇದೆ ಎಂದೆ. ಅವಳನ್ನು ಕೂರಿಸಿ, ಮುಖ ನೋಡಿಕೊಂಡು, ನನ್ನ ಬಾಯಿಂದಲೇ ಹೇಳಬೇಕೆಂದಿದ್ದೇನೆ. ಸಿಟ್ಟು ಮಾಡಿಕೊಳ್ಳಲಿ, ಅದನ್ನು ಹೊರುವ ಸರದಿ ಈಗ ನನ್ನದು. ಆದರೆ ನನ್ನ ಬಾಯಿಯ ಮೇಲೆ ನನಗೆ ನಂಬಿಕೆ ಇಲ್ಲ ಮಕ್ಕಳೇ. ಅರ್ಧಕ್ಕೇ, ಹಾಲಿಟ್ಟಿದ್ದೀನಿ ಎಂದು ನಾನು ಮತ್ತೆ ಎದ್ದುಹೋದರೆ, ಅವಳಿಗೆ ನೀವೇ ಇದನ್ನು ಓದಿ ಹೇಳಬೇಕು. ಅಲ್ಲಿಯವರೆಗೆ ಈ ಹಾಳೆಗಳು ಹರಿಯದಂತೆ, ನೆನೆಯದಂತೆ ನಿಮ್ಮ ಪುಸ್ತಕಗಳ ನಡುವೆ ಜೋಪಾನವಾಗಿ ಇಟ್ಟುಕೊಳ್ಳಿ.